ಮೂರು ದಿನದ ಓಟ, ಮುಚ್ಚಿಟ್ಟ ಮೊಣಕಾಲು

ಪ್ರಶ್ನೆ: ಡಾಕ್ಟ್ರೇ, ನಾನು ಗಂಗಾವತಿ ಕಡೆಯವನು. ವಯಸ್ಸು 36, ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ನಾಲ್ಕು ವರ್ಷದಿಂದ ಸೈಕಲ್ ತುಳಿಯುತ್ತಿದ್ದೇನೆ. ಭಾನುವಾರ ಬಂತೆಂದರೆ ಆನೆಗೊಂದಿ, ಸಣಾಪುರ ಸುತ್ತಿ ಬರುತ್ತೇವೆ. ಫಿಜಿಯಲ್ಲಿ ನಡೆದ ಇಕೋ ಚಾಲೆಂಜ್ ಎಂಬ ಸಾಹಸ ಓಟದ ಸ್ಪರ್ಧೆಯನ್ನು ಟಿ.ವಿ.ಯಲ್ಲಿ ನೋಡಿದಾಗಿನಿಂದ ನಮ್ಮ ಗುಂಪಿಗೆ ಅದೇ ಹುಚ್ಚು. ಡಿಸೆಂಬರ್‌ನಲ್ಲಿ ಪಶ್ಚಿಮ ಘಟ್ಟದಲ್ಲಿ ಮೂರು ದಿನದ ತಂಡ ಸ್ಪರ್ಧೆ ಇದೆ: ನಡಿಗೆ, ಸೈಕಲ್, ಕಯಾಕ್, ನಕ್ಷೆ ಹಿಡಿದು ದಾರಿ ಹುಡುಕುವುದು, ಹಗಲು ರಾತ್ರಿ ಎರಡೂ. ನಾಲ್ವರು ಹೆಸರು ಕೊಟ್ಟಿದ್ದೇವೆ. ಅದರಲ್ಲಿ ಒಬ್ಬಳು ನನ್ನ ತಂಗಿ, ಕಬಡ್ಡಿ ಆಡಿದವಳು. ನಾಲ್ವರಲ್ಲಿ ನಾನೇ ನಿಧಾನ. ಅಂಜನಾದ್ರಿ ಮೆಟ್ಟಿಲು ಇಳಿಯುವಾಗ ಬಲ ಮೊಣಕಾಲು ಚುಳ್ಳೆನ್ನುತ್ತದೆ, ತಂಡಕ್ಕೆ ಹೇಳಿಲ್ಲ. ನಿದ್ದೆಗೆಡುವುದನ್ನು ಈಗಿನಿಂದಲೇ ರೂಢಿ ಮಾಡಬೇಕು, ಗಂಟೆಗೆ ಒಂದು ಲೀಟರ್ ನೀರು ಕುಡಿಯಬೇಕು, ಹೊರಡುವ ಮೊದಲೇ ನೋವಿನ ಗುಳಿಗೆ ನುಂಗಿಬಿಡಬೇಕು ಎಂದು ಗೆಳೆಯ ಹೇಳುತ್ತಾನೆ. ಅವ್ವ ದಿನಾ ಒಂದೇ ಮಾತು: “ಹೆಣ್ಮಗಳನ್ನ ಕರ್ಕೊಂಡು ಅಡವಿ ಬೀಳಾಕ ಹೊಂಟೀಯೇನಲೇ?” ನಾನು ಹೋಗಬೇಕೋ, ಜಾಗ ಬೇರೆಯವರಿಗೆ ಬಿಟ್ಟುಕೊಡಬೇಕೋ? ಇನ್ನು ನಾಲ್ಕು ತಿಂಗಳಷ್ಟೇ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರು ಇವೆ. ನನ್ನ ಕಣ್ಣು ಮಾತ್ರ ‘ತಂಡಕ್ಕೆ ಹೇಳಿಲ್ಲ’ ಅನ್ನುವಲ್ಲಿ ಬಂದು ನಿಂತಿತು. ನಿದ್ದೆ, ನೀರು, ಗುಳಿಗೆ ಎಲ್ಲದಕ್ಕೂ ಉತ್ತರ ಕೊಡುತ್ತೇನೆ. ಆದರೆ ನಿಮ್ಮನ್ನು ನಿಜಕ್ಕೂ ಕಾಡುತ್ತಿರುವುದು ನಾನು ಇವರಿಗೆ ಭಾರವಾಗುತ್ತೇನೆ ಅನ್ನುವ ಅಂಜಿಕೆ, ಅಲ್ಲವೇ? ಮೊದಲು ಅದನ್ನೇ ಹಿಡಿಯೋಣ.

ನಾನು ಬಳ್ಳಾರಿಯಲ್ಲಿ ಆಟಗಾರರ ಗಾಯ, ಕೀಲುನೋವು ನೋಡುವ ವೈದ್ಯ. ಇಂಥ ಸ್ಪರ್ಧೆಗಳ ವೈದ್ಯಕೀಯ ಡೇರೆಯಲ್ಲಿ ಹಲವು ರಾತ್ರಿ ಕೂತಿದ್ದೇನೆ. ನಲವತ್ತು ದಾಟಿದ ಮೇಲೆ ಒಮ್ಮೆ ನಾನೂ ಓಡಿದೆ; ನಮ್ಮದು ಕೊನೆಯಿಂದ ಎರಡನೆಯ ತಂಡ. ಆ ತಂಡದಲ್ಲಿ ನಿಧಾನದವನು ಯಾರು ಎಂದು ನೀವು ಕೇಳದಿದ್ದರೆ ಒಳ್ಳೆಯದು.

ಈ ಆಟದ ಗುಣವೇ ಬೇರೆ. 1989ರಲ್ಲಿ ಫ್ರಾನ್ಸಿನ ಪತ್ರಕರ್ತ ಜೆರಾರ್ ಫ್ಯೂಸಿಲ್ ನ್ಯೂಜಿಲೆಂಡ್‌ನಲ್ಲಿ ‘ರೇಡ್ ಗೋಲ್ವಾಜ್’ ಎಂಬ ಇಂಥದೇ ಸ್ಪರ್ಧೆ ನಡೆಸಿದಾಗಲೇ ತಂಡದಲ್ಲಿ ಒಬ್ಬ ಹೆಣ್ಣುಮಗಳಾದರೂ ಇರಬೇಕು, ಎಲ್ಲರೂ ಕೂಡಿಯೇ ಗುರಿ ಮುಟ್ಟಬೇಕು ಎಂಬ ಕಟ್ಟಳೆ ಇತ್ತು. ಈಗ ನಾಲ್ವರ ಮಿಶ್ರ ತಂಡವೇ ರೂಢಿ. ಸಾಮಾನ್ಯವಾಗಿ 100 ಮೀಟರ್‌ಗಿಂತ ದೂರ ಒಬ್ಬರನ್ನೊಬ್ಬರು ಬಿಟ್ಟು ಹೋಗುವಂತಿಲ್ಲ. ಒಬ್ಬರು ಕೈಬಿಟ್ಟರೆ ಉಳಿದ ಮೂವರು ಎಷ್ಟೇ ಜೋರಾಗಿದ್ದರೂ ಫಲಿತಾಂಶದ ಪಟ್ಟಿಯಲ್ಲಿ ಜಾಗವಿಲ್ಲ. ಅಂದರೆ ತಂಡದ ವೇಗ ಅಂದರೆ ಆ ಗಂಟೆಯಲ್ಲಿ ಯಾರು ನಿಧಾನವೋ ಅವರ ವೇಗ. ‘ಆ ಗಂಟೆಯಲ್ಲಿ’ ಎಂದು ಬೇಕೆಂದೇ ಹೇಳಿದೆ. ಮೊದಲ ಆರು ಗಂಟೆ ನೀವು ಹಿಂದೆ ಬೀಳಬಹುದು. ಎರಡನೆಯ ರಾತ್ರಿ ಹೊಟ್ಟೆ ಕೆಟ್ಟು ಗೆಳೆಯ ಹಿಂದೆ ಬೀಳುತ್ತಾನೆ. ಮೂರನೆಯ ಬೆಳಗ್ಗೆ ಇನ್ಯಾರೋ. ಮೂರು ದಿನದಲ್ಲಿ ಈ ಪಾಳಿ ನಾಲ್ವರಿಗೂ ಬಾರದೆ ಇದ್ದದ್ದನ್ನು ನಾನು ಕಂಡಿಲ್ಲ.

ಅದಕ್ಕೇ ಈ ಆಟದವರು ಎಳೆಯುವ ಹಗ್ಗ ಇಟ್ಟುಕೊಳ್ಳುತ್ತಾರೆ. ಆ ಹೊತ್ತಿಗೆ ಗಟ್ಟಿಯಿದ್ದವರ ಬ್ಯಾಗಿಗೆ ಒಂದು ಎಲಾಸ್ಟಿಕ್ ಹಗ್ಗ, ತುದಿಗೆ ಕೊಕ್ಕೆ, ಅದು ಸುಸ್ತಾದವರ ಸೊಂಟದ ಪಟ್ಟಿಗೆ. ಏರಿನಲ್ಲಿ ಸೈಕಲ್ಲಿಗೂ ಹಾಕುತ್ತಾರೆ. (ಇಳಿಜಾರಿನಲ್ಲಿ ಮಾತ್ರ ಬಿಚ್ಚಲೇಬೇಕು, ಇಲ್ಲದಿದ್ದರೆ ಇಬ್ಬರೂ ಕೂಡಿಯೇ ಬೀಳುತ್ತೀರಿ.) ನಿಧಾನದವರ ಬ್ಯಾಗಿನ ಭಾರವನ್ನು ಉಳಿದವರು ಹಂಚಿಕೊಳ್ಳುತ್ತಾರೆ. ಜಗತ್ತಿನ ಮೇಲ್ಪಂಕ್ತಿಯ ತಂಡಗಳೂ ಹೀಗೆ ಮಾಡುತ್ತವೆ, ಅದರಲ್ಲಿ ನಾಚಿಕೆ ಇಲ್ಲ. ಜೋಡಿ ಎತ್ತಿನಲ್ಲಿ ಒಂದು ಬಡಕಲಿದ್ದರೆ ನಮ್ಮ ರೈತ ಏನು ಮಾಡುತ್ತಾನೆ? ನೊಗದ ನಡುವಿನ ಕಟ್ಟನ್ನು ಬಲವಾದ ಎತ್ತಿನ ಕಡೆಗೆ ನಾಲ್ಕು ಬೆರಳು ಸರಿಸಿ ಕಟ್ಟುತ್ತಾನೆ. ಭಾರ ಆ ಕಡೆ ಹೆಚ್ಚು ಬೀಳುತ್ತದೆ, ಸಾಲು ನೆಟ್ಟಗೆ ಹೋಗುತ್ತದೆ. ಆದರೆ ಯಾವ ಎತ್ತು ಬಡಕಲು ಎಂದು ಅವನಿಗೆ ಗೊತ್ತಿರಬೇಕಲ್ಲ?

ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ಘಟ್ಟದ ಮೇಲಿನ ಡೇರೆ, ನಸುಕಿನ ಎರಡು ಗಂಟೆ ಇರಬಹುದು. ನಮ್ಮ ಕಡೆಯವನೇ ಒಬ್ಬ ಒಳಗೆ ಬಂದ. ಮೊಹರಂನಲ್ಲಿ ಅಲಾಯಿ ಕೆಂಡ ಹಾಯುವವರೂ ಅವನಿಗಿಂತ ಧೈರ್ಯವಾಗಿ ಹೆಜ್ಜೆ ಇಡುತ್ತಾರೆ. ಬೂಟು ಬಿಚ್ಚಿಸಿದೆ. ಕಾಲುಚೀಲ ಎಳೆದರೆ ಬರಲಿಲ್ಲ, ನೀರು ಹಾಕಿ ನೆನೆಸಬೇಕಾಯಿತು. ಪಾದ ಬೆಂದ ಗೆಣಸಿನ ಹಾಗೆ ಬೆಳ್ಳಗೆ ಸುಕ್ಕುಗಟ್ಟಿತ್ತು. ಹಿಮ್ಮಡಿಯ ಚರ್ಮ ಒಂದು ರೂಪಾಯಿ ನಾಣ್ಯದಗಲ ಕಾಲುಚೀಲದ ಜೊತೆಗೇ ಎದ್ದು ಬಂತು. ಯಾವಾಗಿನಿಂದ ಹೀಗೆ ಎಂದು ಕೇಳಿದೆ. “ನಿನ್ನಿ ಮಧ್ಯಾಹ್ನದಿಂದ್ರಿ. ಹೇಳಿದ್ರ ಎಲ್ಲಾರ ಟೈಮ್ ಹೋಗ್ತೈತಿ ಅಂತ ಸುಮ್ನಿದ್ದೆ.” ಅವನ ಹಿಂದೆ ನಿಂತಿದ್ದ ಮೂವರ ಮುಖದಲ್ಲಿ ಸಿಟ್ಟಿರಲಿಲ್ಲ. ಪೆಚ್ಚಾಗಿದ್ದರು. ನಿನ್ನೆ ಮಧ್ಯಾಹ್ನ ಐದು ನಿಮಿಷ ನಿಂತು, ಕಾಲು ಒರೆಸಿ, ಬಿಸಿ ಅನ್ನಿಸಿದ ಜಾಗಕ್ಕೆ ಪೇಪರ್ ಟೇಪ್ ಅಂಟಿಸಿದ್ದರೆ ಮುಗಿಯುತ್ತಿತ್ತು. ಆ ತಂಡದ ಸ್ಪರ್ಧೆ ಡೇರೆಯಲ್ಲೇ ಮುಗಿಯಿತು.

ಬೊಬ್ಬೆ ಏಳುವ ಮೊದಲು ಚರ್ಮ ಒಂದು ಸೂಚನೆ ಕೊಡುತ್ತದೆ: ಒಂದೇ ಕಡೆ ಉಜ್ಜಿ ಬಿಸಿಯಾಗುತ್ತದೆ. ನಮ್ಮ ಒಣ ಹವೆಯಲ್ಲಿ ಅಭ್ಯಾಸ ಮಾಡಿದವರಿಗೆ ಘಟ್ಟದ ಹಳ್ಳ, ಇಬ್ಬನಿ, ಕೆಸರು ಹೊಸದು. ಒದ್ದೆ ಪಾದ ಬಹಳ ಬೇಗ ಸೋಲುತ್ತದೆ. ಮೂರು ಜೊತೆ ಕಾಲುಚೀಲ ಇರಲಿ, ಹತ್ತಿಯದು ಬೇಡ. ಬೂಟು ಹೊಸದಾಗಿರಬಾರದು. ಪ್ರತಿ ವಿರಾಮದಲ್ಲೂ ಐದು ನಿಮಿಷ ಪಾದಕ್ಕೆ ಗಾಳಿ ತಾಕಲಿ. ಮಲಗುವಾಗ ಒಣ ಕಾಲುಚೀಲ ಹಾಕಿಕೊಳ್ಳಿ.

ಈಗ ನಿಮ್ಮ ಮೊಣಕಾಲು. ಕಾಣದೆ ರೋಗ ಹೇಳುವುದು ನನಗೆ ಒಗ್ಗದು. ಆದರೂ ನೀವು ಬರೆದದ್ದರಲ್ಲಿ ಎರಡು ಸುಳಿವಿವೆ: ಮೆಟ್ಟಿಲು ಏರುವಾಗಲ್ಲ, ಇಳಿಯುವಾಗ ನೋವು, ದಿನವಿಡೀ ಕುರ್ಚಿಯಲ್ಲಿ ಕೂರುವ ಕೆಲಸ. ನೋವು ಮೊಣಕಾಲ ಚಿಪ್ಪಿನ ಸುತ್ತ ಮುಂದುಗಡೆ ಇದ್ದರೆ, ಬಹಳ ಹೊತ್ತು ಕೂತು ಎದ್ದಾಗ ಹಿಡಿದಂತಾಗುತ್ತಿದ್ದರೆ, ಅದು ಚಿಪ್ಪು ಮತ್ತು ತೊಡೆಮೂಳೆಯ ನಡುವಿನ ಒತ್ತಡದ ನೋವು ಇರುವ ಸಾಧ್ಯತೆ ಹೆಚ್ಚು. ಸೈಕಲ್ ಸೀಟು ತೀರಾ ತಗ್ಗಿದ್ದರೂ ಇದು ಬರುತ್ತದೆ, ಅದನ್ನು ಇವತ್ತೇ ನೋಡಿ. ತೊಡೆ ಮತ್ತು ಸೊಂಟದ ಸ್ನಾಯುಗಳನ್ನು ಕ್ರಮವಾಗಿ ಬಲಪಡಿಸಿದರೆ ಬಹಳ ಮಂದಿಗೆ ಎರಡು ಮೂರು ತಿಂಗಳಲ್ಲಿ ತಗ್ಗುತ್ತದೆ. ಇಳಿಜಾರಿನಲ್ಲಿ ಎರಡು ಕೈಗೂ ಕೋಲು ಹಿಡಿದರೆ ಮೊಣಕಾಲಿಗೆ ನಿಜಕ್ಕೂ ಹಗುರ. ನಿಮಗೆ ನಾಲ್ಕು ತಿಂಗಳಿದೆ, ಸಾಕು. ಆದರೆ ಕಾಲು ಊದಿಕೊಳ್ಳುವುದು, ನಡುವೆ ಸಿಕ್ಕಿಹಾಕಿಕೊಂಡು ಮಡಚಲು ಬಾರದಿರುವುದು, ನಡೆಯುವಾಗ ಸೋತು ಕುಸಿದಂತಾಗುವುದು, ರಾತ್ರಿ ಮಲಗಿದಾಗಲೂ ನೋಯುವುದು, ಇವುಗಳಲ್ಲಿ ಒಂದಿದ್ದರೂ ಅಭ್ಯಾಸ ನಿಲ್ಲಿಸಿ ಮೊದಲು ತೋರಿಸಿ. ಅಂಜನಾದ್ರಿಯ 575 ಮೆಟ್ಟಿಲು ಓಡುತ್ತ ಇಳಿಯುವ ಪೈಪೋಟಿಯನ್ನಂತೂ ಈ ವಾರದಿಂದಲೇ ಬಿಡಿ. ಹತ್ತುವುದರಿಂದ ದಮ್ಮು ಬೆಳೆಯುತ್ತದೆ. ನೋಯುವ ಮೊಣಕಾಲಿನಲ್ಲಿ ಓಡಿ ಇಳಿಯುವುದರಿಂದ ಹನುಮಪ್ಪನಿಗೂ ಲಾಭವಿಲ್ಲ, ನಿಮಗೂ ಇಲ್ಲ.

ಗುಳಿಗೆಯ ಮಾತಿಗೆ ಬಂದರೆ ನಿಮ್ಮ ಗೆಳೆಯನ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಗುಳಿಗೆ ನಮ್ಮ ಮೆಡಿಕಲ್ ಶಾಪುಗಳಲ್ಲಿ ಪೆಪ್ಪರಮಿಂಟಿನಷ್ಟು ಸಲೀಸಾಗಿ ಸಿಗುತ್ತದೆ. ಮನೆಯಲ್ಲಿ ಕೂತವನಿಗೆ ಒಂದೆರಡು ದಿನ ಅದು ಹೆಚ್ಚೇನೂ ಮಾಡಲಿಕ್ಕಿಲ್ಲ. ಗಂಟೆಗಟ್ಟಲೆ ಓಡುವವನ ಮೈಯಲ್ಲಿ ಕಥೆ ಬೇರೆ. ಮೈಯ ನೀರು ಇಳಿದಿರುತ್ತದೆ, ರಕ್ತ ಕಾಲುಗಳ ಕಡೆ ಹರಿಯುತ್ತಿರುತ್ತದೆ, ಮೂತ್ರಪಿಂಡಕ್ಕೆ ಮೊದಲೇ ರಕ್ತ ಕಮ್ಮಿ. ಅಷ್ಟರಲ್ಲಿ ಈ ಗುಳಿಗೆ ಮೂತ್ರಪಿಂಡದ ರಕ್ತನಾಳವನ್ನು ತೆರೆದಿಡುವ ರಾಸಾಯನಿಕವನ್ನೇ ತಡೆಯುತ್ತದೆ. ಜೊತೆಗೆ ದಣಿದ ಸ್ನಾಯು ಒಡೆದು ರಕ್ತಕ್ಕೆ ಬಿಟ್ಟ ಕಸ. ಹಲವು ದಿನದ ದೂರದ ಓಟಗಳಲ್ಲಿ ಪರೀಕ್ಷಿಸಿ ನೋಡಿದಾಗ ಔಷಧವಿಲ್ಲದ ಹುಸಿ ಗುಳಿಗೆ ನುಂಗಿದವರಿಗಿಂತ ಐಬುಪ್ರೊಫೆನ್ ನುಂಗಿದವರಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಹೆಚ್ಚು ಕಂಡಿದೆ. ತೀರಾ ಬೇಕಾದರೆ ಪ್ಯಾರಾಸಿಟಮಾಲ್, ಅದೂ ಅಳತೆ ಮೀರದೆ, ಮತ್ತು ತಂಡದವರಿಗೆ ಹೇಳಿ. ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದರೆ ಸ್ಪರ್ಧೆ ಅಲ್ಲಿಗೇ ಮುಗಿಯಿತು; ಸೀದಾ ಆಸ್ಪತ್ರೆ.

ನೀರಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಎಷ್ಟು ಆಳವಾಗಿದೆ ಎಂದರೆ ಹೇಳಿದರೆ ಜನ ನಗುತ್ತಾರೆ. ಬಿಸಿಲನಾಡಿನವರು ನಾವು, ನೀರು ಹೆಚ್ಚಾಗಿ ಸತ್ತವರುಂಟೇ ಎನ್ನುತ್ತಾರೆ. ಉಂಟು. ಬೆವರಿಗಿಂತ ಹೆಚ್ಚು ನೀರು ಗಂಟೆಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತಿಳಿಯಾಗುತ್ತದೆ. ಅದು ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿಯುತ್ತ ಹೋದಂತೆ ತಲೆನೋವು, ವಾಂತಿ. ಬೆರಳು ಊದಿ ಉಂಗುರ, ಗಡಿಯಾರದ ಪಟ್ಟಿ ಬಿಗಿಯಾಗುವುದು. ಆಮೇಲೆ ಗೊಂದಲ, ಕೊನೆಗೆ ಫಿಟ್ಸ್. ತಮಾಷೆ ಏನೆಂದರೆ ನೋಡುವವರಿಗೆ ಇದು ನೀರು ಕಮ್ಮಿಯಾದವನ ಲಕ್ಷಣದಂತೆಯೇ ಕಾಣುತ್ತದೆ. ಪಾಪ ಅಂತ ಇನ್ನೊಂದು ಬಾಟಲಿ ಕುಡಿಸುತ್ತಾರೆ! ಬಾಯಾರಿದಾಗ ಕುಡಿಯಿರಿ, ಬಾಯಾರಿಕೆ ತೀರಿದಾಗ ನಿಲ್ಲಿಸಿ. ನಿಮ್ಮ ಲೆಕ್ಕ ನಿಮಗೆ ಬೇಕಿದ್ದರೆ ಮನೆಯಲ್ಲೇ ಮಾಡಿ: ತೂಕ ನೋಡಿಕೊಂಡು ಹೊರಡಿ, ಏನೂ ಕುಡಿಯದೆ ಒಂದು ಗಂಟೆ ತುಳಿಯಿರಿ, ಮೈ ಒರೆಸಿ ಮತ್ತೆ ತೂಗಿ. ಕಮ್ಮಿಯಾದ ಒಂದು ಕಿಲೋ ಅಂದರೆ ಹೆಚ್ಚುಕಮ್ಮಿ ಒಂದು ಲೀಟರ್ ಬೆವರು. ಮೇ ತಿಂಗಳ ಗಂಗಾವತಿಯಲ್ಲಿ ಬರುವ ಅಂಕಿಗೂ ಡಿಸೆಂಬರ್‌ನ ಘಟ್ಟದ ರಾತ್ರಿಯಲ್ಲಿ ಬರುವ ಅಂಕಿಗೂ ಅಜಗಜಾಂತರ. ಓಆರ್‌ಎಸ್ ಪೊಟ್ಟಣ ಕಟ್ಟಿಕೊಳ್ಳಿ, ಒಂದು ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು. ಅರ್ಧ ಲೋಟಕ್ಕೆ ಪೂರ್ತಿ ಸುರಿದು ಶರಬತ್ತು ಮಾಡಬೇಡಿ.

ಊಟಕ್ಕೆ ವಿದೇಶಿ ಜೆಲ್‌ಗಳನ್ನೇ ನಂಬಬೇಕಿಲ್ಲ. ಗಂಟೆಗೆ 200ರಿಂದ 300 ಕ್ಯಾಲೊರಿ ಹೊಟ್ಟೆಗೆ ಬೀಳುವಂತೆ ನೋಡಿಕೊಂಡರೆ ಸಾಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ-ಪುಟಾಣಿ, ಅಂಟಿನ ಉಂಡಿ: ಹಗುರ, ಕೆಡುವುದಿಲ್ಲ, ರಾತ್ರಿ ಮೂರಕ್ಕೂ ಬಾಯಿಗೆ ರುಚಿ. ರೊಟ್ಟಿ ಬ್ಯಾಗಿನಲ್ಲಿ ಪುಡಿಯಾದರೆ ಇನ್ನೂ ಒಳ್ಳೆಯದು, ಮುಕ್ಕುತ್ತ ನಡೆಯಬಹುದು. ಮಿರ್ಚಿ ಮಾತ್ರ ವಾಪಸ್ ಬಂದ ಮೇಲೆ.

ಇನ್ನು ನಿದ್ದೆ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಡೇರೆಯಲ್ಲಿ ನಾನು ಕಂಡ ಪೆಟ್ಟುಗಳಲ್ಲಿ ಹೆಚ್ಚಿನವು ನಿದ್ದೆಗಣ್ಣಿನಲ್ಲಿ ಆದವು.

ನಿದ್ದೆಗೆಡುವುದನ್ನು ರೂಢಿ ಮಾಡಿಕೊಳ್ಳಲು ಆಗುವುದಿಲ್ಲ. ಒಂದು ತಿಂಗಳು ನಾಲ್ಕೇ ಗಂಟೆ ಮಲಗಿದರೆ ದೇಹ ಒಗ್ಗಿಕೊಂಡಿತು ಎಂದು ನಿಮಗನ್ನಿಸುತ್ತದೆ. ಒಗ್ಗಿರುವುದು ಆ ಮಬ್ಬಿಗೆ ಮಾತ್ರ. ಕೈಕಣ್ಣಿನ ಚುರುಕು ದಿನದಿನವೂ ಇಳಿಯುತ್ತಲೇ ಇರುತ್ತದೆ. 17 ಗಂಟೆ ಎಚ್ಚರವಿದ್ದವನ ಪ್ರತಿಕ್ರಿಯೆ, ರಕ್ತದಲ್ಲಿ ಶೇಕಡ 0.05 ಮದ್ಯ ಇರುವವನ ಮಟ್ಟಕ್ಕೆ ಬರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನೀವು ಎರಡನೆಯ ರಾತ್ರಿ ಸೈಕಲ್ ಹತ್ತುವಾಗ ಎಷ್ಟು ಹೊತ್ತಿನ ಎಚ್ಚರ ಎಂದು ಲೆಕ್ಕ ಹಾಕಿ, ನೀವೇ ಲೆಕ್ಕದವರು. ಇದಕ್ಕೆ ತದ್ವಿರುದ್ಧವಾದದ್ದು ಮಾತ್ರ ಕೆಲಸ ಮಾಡುತ್ತದೆ: ಸ್ಪರ್ಧೆಗೆ ಮೊದಲಿನ ಒಂದು ವಾರ ದಿನಾ ಒಂದೆರಡು ಗಂಟೆ ಹೆಚ್ಚು ಮಲಗಿದರೆ ಆಮೇಲಿನ ನಿದ್ದೆಗೇಡನ್ನು ದೇಹ ಚೆನ್ನಾಗಿ ತಡೆಯುತ್ತದೆ. ಅಂದರೆ ಗೆಳೆಯ ಹೇಳಿದ್ದನ್ನು ತಿರುಗಿಸಿ ಮಾಡಿ.

ಎರಡನೆಯ ರಾತ್ರಿ ಕಣ್ಣೆದುರು ಇಲ್ಲದ್ದೆಲ್ಲ ಕಾಣಲು ಶುರುವಾಗುತ್ತದೆ. ಇದಕ್ಕೆ ಅಂಜಬೇಡಿ, ಹುಚ್ಚಲ್ಲ; ಅರ್ಧ ಮಿದುಳು ಮಲಗಿ ಕನಸು ಕಾಣುತ್ತಿದೆ, ಕಾಲು ಮಾತ್ರ ನಡೆಯುತ್ತಿದೆ. ನಾನು ಓಡಿದ ಸ್ಪರ್ಧೆಯಲ್ಲಿ ನಮ್ಮ ತಂಡದ ಒಬ್ಬರು ಒಂದು ಬಂಡೆಯ ಮುಂದೆ ನಿಂತು “ಸ್ವಲ್ಪ ದಾರಿ ಬಿಡ್ರೆಪಾ” ಎಂದು ವಿನಯದಿಂದ ಕೇಳುತ್ತಿದ್ದರು. ಬಂಡೆ ಬಿಡಲಿಲ್ಲ. ಅವರು ಬೈಯುವುದಕ್ಕೂ ಶುರು ಮಾಡಿದರು. ನಾವು ನಕ್ಕೆವು, ಆದರೆ ಅಲ್ಲಿಯೇ ಕೂತು ಇಪ್ಪತ್ತು ನಿಮಿಷ ಎಲ್ಲರೂ ಮಲಗಿದೆವು. ನಗುವುದಕ್ಕೂ ಮಲಗುವುದಕ್ಕೂ ಅದೇ ಸರಿಯಾದ ಹೊತ್ತಾಗಿತ್ತು, ಏಕೆಂದರೆ ಮುಂದಿದ್ದದ್ದು ಸೈಕಲ್ ಇಳಿಜಾರು.

ನನ್ನ ಸಲಹೆ ಇಷ್ಟು. ನಸುಕಿನ ಮೂರರಿಂದ ಐದರ ನಡುವೆ ದೇಹದ ಗಡಿಯಾರ ತೀರಾ ತಳದಲ್ಲಿರುತ್ತದೆ. ಒಂದೂವರೆ ಗಂಟೆಯ ನಿದ್ದೆಯನ್ನು ಅಲ್ಲಿಗೆ ಇಟ್ಟುಕೊಳ್ಳಿ. ಎದ್ದ ಮೇಲೆ ಹತ್ತು ಹದಿನೈದು ನಿಮಿಷ ತಲೆ ಓಡುವುದಿಲ್ಲ, ಆಗ ನಕ್ಷೆ ನೋಡಿ ದೊಡ್ಡ ತೀರ್ಮಾನ ಮಾಡಬೇಡಿ. ತೂಕಡಿಸುವಾಗ ಸೈಕಲ್ ತುಳಿಯುವುದು, ಹಗ್ಗ ಹಿಡಿದು ಏರಿಳಿಯುವುದು, ನೀರಿಗಿಳಿಯುವುದು ಮೂರೂ ನಿಷಿದ್ಧ. ನಡಿಗೆಯಾದರೆ ಬಿದ್ದರೂ ನಿಮ್ಮೆತ್ತರದಿಂದ ಬೀಳುತ್ತೀರಿ. ಬಹಳ ಸ್ಪರ್ಧೆಗಳಲ್ಲಿ ಕತ್ತಲಾದ ಮೇಲೆ ಹೊಳೆಗೆ ಇಳಿಯುವುದನ್ನೇ ನಿಷೇಧಿಸಿರುತ್ತಾರೆ, ಅದಕ್ಕೆ ಡಾರ್ಕ್ ಝೋನ್ ಎನ್ನುತ್ತಾರೆ. ನಿಮ್ಮ ಸ್ಪರ್ಧೆಯಲ್ಲಿ ಅದು ಇದೆಯೋ ಇಲ್ಲವೋ ಕೇಳಿ. ಇಲ್ಲವೆಂದರೆ ನನಗೆ ಆ ಆಯೋಜಕರ ಮೇಲೆ ಅನುಮಾನ ಬರುತ್ತದೆ.

ನಿದ್ದೆಗೂ ನಕ್ಷೆಗೂ ನಂಟಿದೆ. ಜಿಪಿಎಸ್ ಸಾಮಾನ್ಯವಾಗಿ ಬಳಸುವಂತಿಲ್ಲ, ಮೊಬೈಲನ್ನು ಸೀಲ್ ಮಾಡಿಸುತ್ತಾರೆ. ಕೈಯಲ್ಲಿ ಉಳಿಯುವುದು ನಕ್ಷೆ, ದಿಕ್ಸೂಚಿ. ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಯಲ್ಲಿ ಎರಡು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಅದನ್ನು ಹಿಡಿದು ಭಾನುವಾರ ಆನೆಗೊಂದಿ ಸುತ್ತ ಹೊರಡಿ, ಹಗಲಿನಲ್ಲಿ. ಬಂಡೆಗುಡ್ಡಗಳೆಲ್ಲ ಒಂದರಂತೆ ಒಂದು ಕಾಣುವ ಆ ಸೀಮೆಗಿಂತ ಒಳ್ಳೆ ಶಾಲೆ ಸಿಗಲಿಕ್ಕಿಲ್ಲ. ನಮ್ಮ ಕಡೆ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿಯಷ್ಟೇ ಅಂತರ, ಹಾಗಾಗಿ ಆ ತಲೆನೋವಿಲ್ಲ. ನ್ಯೂಜಿಲೆಂಡ್‌ನಲ್ಲಾದರೆ ಇಪ್ಪತ್ತಕ್ಕಿಂತ ಹೆಚ್ಚು. ಸಂಡೂರಿನ ಗುಡ್ಡಗಳಿಗೆ ಹೋದರೆ ಮಾತ್ರ ಮುಳ್ಳನ್ನು ಕಣ್ಣುಮುಚ್ಚಿ ನಂಬಬೇಡಿ. ಅಲ್ಲಿನ ಕಬ್ಬಿಣದ ಅದಿರಿನಲ್ಲಿ ಹೆಚ್ಚಿನದು ಹೆಮಟೈಟ್, ಅದು ಮುಳ್ಳನ್ನು ಅಷ್ಟಾಗಿ ಎಳೆಯದು; ಮ್ಯಾಗ್ನಟೈಟ್ ಇದ್ದ ಕಡೆ ಎಳೆಯುತ್ತದೆ. ಸೈಕಲ್ ಹ್ಯಾಂಡಲ್ಲಿಗೆ ತಾಗಿಸಿ ದಿಕ್ಕು ನೋಡಿದರೂ ಅಷ್ಟೆ. ಒಬ್ಬನೇ ನಕ್ಷೆ ನೋಡುವವನು ಇರಬಾರದು. ನಿದ್ದೆಗೆಟ್ಟವನು ನಕ್ಷೆಯಂತೆ ನೆಲವನ್ನು ನೋಡುವ ಬದಲು, ನೆಲ ಕಂಡಂತೆ ನಕ್ಷೆಯನ್ನು ಓದತೊಡಗುತ್ತಾನೆ: “ಈ ಹಳ್ಳ ಇಲ್ಲಿ ಇರಬಾರದಿತ್ತು, ಇರಲಿ, ಹೊಸದಾಗಿ ಬಂದಿರಬೇಕು.” ಎರಡನೆಯವರು ಆ ಹೊತ್ತಿಗೆ ಬಾಯಿಬಿಡಬೇಕು. ನಿಮಗೆ ಅಂಕಿಯ ಜೊತೆ ಬಾಳಿ ಅಭ್ಯಾಸವಿದೆ. ನಿಧಾನದವರ ಕೈಗೆ ನಕ್ಷೆ ಕೊಡುವುದೂ ಒಂದು ಲೆಕ್ಕ, ನೋಡಿ. ನೀವು ಮುಂದಿದ್ದರೆ ವೇಗ ತಾನಾಗಿ ಸರಿಯಾಗುತ್ತದೆ.

ನೀರಿಗೆ ಸಂಬಂಧಿಸಿದ ಒಂದು ರೋಗವನ್ನು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. 2000ನೇ ಇಸವಿಯ ಇಕೋ ಚಾಲೆಂಜ್ ಮಲೇಷ್ಯಾದ ಸಬಾದಲ್ಲಿ ನಡೆದಿತ್ತು, 304 ಮಂದಿ ಓಡಿದ್ದರು. ಮನೆ ಸೇರಿದ ಮೇಲೆ ಒಬ್ಬೊಬ್ಬರಿಗೇ ಜ್ವರ. ತನಿಖೆಯವರಿಗೆ ಸಿಕ್ಕ 189 ಮಂದಿಯಲ್ಲಿ 80 ಮಂದಿಗೆ ಲೆಪ್ಟೊಸ್ಪೈರೋಸಿಸ್ ಲಕ್ಷಣ ಕಂಡಿತು. ಮುಖ್ಯವಾಗಿ ಅಂಟಿದ್ದು ಸೆಗಾಮಾ ಎಂಬ ನದಿಯಲ್ಲಿ ಈಜಿದವರಿಗೆ. ಯಾರೂ ಸಾಯಲಿಲ್ಲ, ಆದರೆ 29 ಮಂದಿ ಆಸ್ಪತ್ರೆ ಸೇರಿದರು. ಲೆಪ್ಟೊ ಅಂದರೆ ನಿಮ್ಮ ಗದ್ದೆಯವರು ಬಲ್ಲ ಇಲಿ ಜ್ವರವೇ. ಇಲಿ, ದನಗಳ ಮೂತ್ರ ಬೆರೆತ ನೀರಿನಿಂದ, ಕಾಲಿನ ಗಾಯದ ಮೂಲಕ ಬರುತ್ತದೆ; ಬೊಬ್ಬೆ ಒಡೆದ ಪಾದ ಅದಕ್ಕೆ ತೆರೆದ ಬಾಗಿಲು. ಸ್ಪರ್ಧೆ ಮುಗಿದು ತಿಂಗಳೊಳಗೆ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾದರೆ ಡಾಕ್ಟರಿಗೆ ಹೋಗಿ ಮೊದಲ ವಾಕ್ಯವೇ “ಘಟ್ಟದ ಹಳ್ಳದಲ್ಲಿ ಓಡಾಡಿ ಬಂದಿದ್ದೇನೆ” ಎಂದಿರಲಿ. ಈ ಮಾತು ಇನ್ನೊಂದಕ್ಕೂ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಉಣ್ಣೆ (ಉಣುಗು) ಎಂಬ ರಕ್ತ ಹೀರುವ ಹುಳದಿಂದ ಹರಡುತ್ತದೆ, ಅದರ ಕಾಲ ಹೆಚ್ಚುಕಮ್ಮಿ ಡಿಸೆಂಬರ್‌ನಿಂದ ಮೇವರೆಗೆ. ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಉಣ್ಣೆ ನಿವಾರಕ ಎಣ್ಣೆ, ದಿನಕ್ಕೆರಡು ಸಲ ಒಬ್ಬರ ಮೈ ಇನ್ನೊಬ್ಬರು ನೋಡುವುದು. ಆ ತಾಲ್ಲೂಕಿನಲ್ಲಿ ಕಾಯಿಲೆ ಕಂಡಿದೆಯೇ ಎಂದು ಅಲ್ಲಿನ ಆರೋಗ್ಯ ಇಲಾಖೆಯನ್ನು ವಿಚಾರಿಸಿಯೇ ಹೋಗಿ.

ನಿಮ್ಮ ಅವ್ವನ ಮಾತನ್ನು ತಳ್ಳಿಹಾಕುವ ಮನಸ್ಸು ನನಗಿಲ್ಲ, ಒಪ್ಪುವ ಮನಸ್ಸೂ ಇಲ್ಲ. ಹೆಣ್ಣುಮಗಳು ಈ ಆಟಕ್ಕೆ ತಕ್ಕವಳಲ್ಲ ಅನ್ನುವುದಕ್ಕೆ ಆಧಾರವಿಲ್ಲ. ನೀವು ನೋಡಿದ 2019ರ ಫಿಜಿ ಸ್ಪರ್ಧೆಯಲ್ಲೇ, 671 ಕಿಲೋಮೀಟರ್, 66 ತಂಡ, ಭಾರತದ ತಂಡದಲ್ಲಿ ತಾಶಿ ಮತ್ತು ನುಂಗ್ಶಿ ಮಲಿಕ್ ಎಂಬ ಅವಳಿ ಸಹೋದರಿಯರು ಇದ್ದರು. 2013ರಲ್ಲಿ ಜೊತೆಯಾಗಿ ಎವರೆಸ್ಟ್ ಏರಿದವರು. ದೂರದ ಓಟಗಳಲ್ಲಿ ಹೆಣ್ಣುಮಕ್ಕಳು ಮೊದಲಿಗೆ ಹುಮ್ಮಸ್ಸಿನಲ್ಲಿ ಎಲ್ಲ ಖರ್ಚು ಮಾಡಿಕೊಳ್ಳದೆ ಒಂದೇ ಹದದಲ್ಲಿ ಹೋಗುವುದು ಹೆಚ್ಚು. ಅವ್ವನ ಅಂಜಿಕೆಯಲ್ಲಿ ಹುರುಳಿರುವುದು ಏರ್ಪಾಡಿನ ಬಗ್ಗೆ. ತಂಡಕ್ಕೊಂದು ಟ್ರ್ಯಾಕರ್ ಕೊಡುತ್ತಾರೆಯೇ? ಸಿಗ್ನಲ್ ಇಲ್ಲದ ಕಡೆ ಸುದ್ದಿ ಮುಟ್ಟಿಸುವುದು ಹೇಗೆ? ಹಾವು ಕಚ್ಚಿದರೆ ವಿಷನಿರೋಧಕ ಇರುವ ಆಸ್ಪತ್ರೆ ಎಷ್ಟು ಗಂಟೆಯ ದಾರಿ? ಅರಣ್ಯ ಇಲಾಖೆಯ ಅನುಮತಿ ಪತ್ರ ಇದೆಯೇ? ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು, ಶೌಚಕ್ಕೆ ಜಾಗ? ಆಯೋಜಕರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಪಕ್ಕದಲ್ಲಿ ಅವ್ವನನ್ನು ಕೂರಿಸಿಕೊಳ್ಳಿ. ಉತ್ತರ ತಡವರಿಸಿದರೆ ಅವ್ವ ಗೆದ್ದರು ಎಂದು ಒಪ್ಪಿಕೊಳ್ಳಿ. ಮುಟ್ಟು ಮುಂದೂಡುವ ಗುಳಿಗೆಯನ್ನು ತಂಗಿ ತಾನೇ ಅಂಗಡಿಯಿಂದ ತರಿಸಿ ನುಂಗುವುದು ಬೇಡ. ಬೇಕೆನಿಸಿದರೆ ಸ್ತ್ರೀರೋಗ ತಜ್ಞರನ್ನು ಒಂದೆರಡು ತಿಂಗಳ ಮೊದಲೇ ಕಾಣಲಿ.

ಹಾಗಾದರೆ ಹೋಗುವುದೋ ಬಿಡುವುದೋ? ನಿಮ್ಮ ಮುಂದೆ ನಾಲ್ಕು ದಾರಿ ಕಾಣುತ್ತವೆ. ಈಗಿರುವಂತೆಯೇ, ಮೊಣಕಾಲು ಮುಚ್ಚಿಟ್ಟುಕೊಂಡು ಮೂರು ದಿನಕ್ಕೆ ಇಳಿಯುವುದು ಒಂದು. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ನೀವು ಕುಸಿಯುವುದು ಆಸ್ಪತ್ರೆಯಿಂದ ತೀರಾ ದೂರದ ಜಾಗದಲ್ಲಿ, ಮೂವರು ನಿಮ್ಮನ್ನು ಹೊರುವ ಸ್ಥಿತಿಯಲ್ಲಿ. ಜಾಗ ಬಿಟ್ಟುಕೊಡುವುದು ಇನ್ನೊಂದು. ಅದರಲ್ಲಿ ಕಾಲಿಗೆ ಅಪಾಯವಿಲ್ಲ, ಆದರೆ ನಾಲ್ಕು ತಿಂಗಳಲ್ಲಿ ಸರಿಹೋಗಬಹುದಾದ ಮೊಣಕಾಲಿಗೆ ಈಗಲೇ ತೀರ್ಪು ಕೊಟ್ಟಂತೆ; ಮತ್ತೆ ಕೊನೇ ಗಳಿಗೆಯಲ್ಲಿ ಸೇರುವ ಅಪರಿಚಿತ, ನಿಮ್ಮ ತಂಗಿಯ ತಂಡಕ್ಕೆ ನಿಮಗಿಂತ ದೊಡ್ಡ ಅಪಾಯ ಎಂದು ನನಗನ್ನಿಸುತ್ತದೆ. ಮೂರನೆಯದು, ಸ್ಪರ್ಧೆಯಲ್ಲಿ ಅವಕಾಶವಿದ್ದರೆ ಈ ವರ್ಷ ತಂಡದ ಸಹಾಯಕನಾಗಿ ಹೋಗುವುದು. ಫಿಜಿಯಲ್ಲಿ ನಾಲ್ವರ ಜೊತೆ ಐದನೆಯವರೊಬ್ಬರು ಶಿಬಿರದಲ್ಲಿ ಊಟ, ಬಟ್ಟೆ, ಸೈಕಲ್ ಸಿದ್ಧಮಾಡಿ ಕಾಯುತ್ತಿದ್ದರು. ಅದು ಕಮ್ಮಿ ದರ್ಜೆಯ ಕೆಲಸವಲ್ಲ, ಆದರೆ ನಿಮ್ಮ ಪತ್ರ ಓದಿದರೆ ನಿಮಗೆ ಅದು ಸಾಲದು.

ನಾನು ನಿಮ್ಮ ಜಾಗದಲ್ಲಿದ್ದರೆ ನಾಲ್ಕನೆಯದನ್ನು ಹಿಡಿಯುತ್ತಿದ್ದೆ. ಅಕ್ಟೋಬರ್ ಕೊನೆಯಲ್ಲಿ ನಾಲ್ವರೂ ಕೂಡಿ 24 ಗಂಟೆಯ ಒಂದು ರಿಹರ್ಸಲ್ ಮಾಡುವುದು, ನವೆಂಬರ್ ಮಧ್ಯದಲ್ಲಿ 30 ಗಂಟೆಯದು ಇನ್ನೊಂದು. ಎರಡರಲ್ಲೂ ಮೊಣಕಾಲು ತಡೆದರೆ ಮೂರು ದಿನಕ್ಕೆ ಹೋಗುವುದು. ತಡೆಯದಿದ್ದರೆ ನಿಮ್ಮ ಸ್ಪರ್ಧೆಯಲ್ಲೇ ಸಣ್ಣ ದೂರದ ವಿಭಾಗವಿದ್ದರೆ ಅದಕ್ಕೆ ಬದಲಾಯಿಸಲು ಕೇಳುವುದು. ನಷ್ಟ ಅಂದರೆ ಕಟ್ಟಿದ ದುಡ್ಡು, ಮತ್ತು ಎರಡು ವಾರಾಂತ್ಯ.

ರಿಹರ್ಸಲ್ ಎಲ್ಲಿ ಎಂಬ ಪ್ರಶ್ನೆಗೂ ಒಂದೆರಡು ಮಾತು. ರಾತ್ರಿ ಹೊತ್ತು ಆನೆಗೊಂದಿ, ದರೋಜಿ ಕಡೆಯ ಗುಡ್ಡಗಳಿಗೆ ಹೋಗಬೇಡಿ. ದರೋಜಿಯ ಕರಡಿಧಾಮದ ಗಡಿ ಕರಡಿಗೆ ಗೊತ್ತಿಲ್ಲ, ಅದು ಸಂಜೆಗೆ ಹೊರಟು ಬೆಳಕು ಹರಿಯುವಾಗ ಗುಹೆಗೆ ಮರಳುತ್ತದೆ, ಚಿರತೆಯೂ ಇದೆ. ರಾತ್ರಿಯ ಪಾಲನ್ನು ಊರೂರ ನಡುವಿನ ರಸ್ತೆಯಲ್ಲಿ ನಡೆದೇ ಮುಗಿಸಿ. ಹಿಂದಿನವರ ಬ್ಯಾಗಿಗೆ ಕೆಂಪು ದೀಪ ಕಟ್ಟಿ. ಕಯಾಕ್‌ಗೆ ಈಗ ಹೊಳೆ ಬೇಡವೇ ಬೇಡ. ತುಂಗಭದ್ರಾ ಅಣೆಕಟ್ಟೆಯಿಂದ ಯಾವಾಗ ಎಷ್ಟು ನೀರು ಬಿಡುತ್ತಾರೆ ಅನ್ನುವುದು ನಮ್ಮ ಕೈಯಲ್ಲಿಲ್ಲ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕಿತ್ತುಹೋದ ರಾತ್ರಿಯನ್ನು ಹೊಳೆದಂಡೆಯವರಾದ ನಿಮಗೆ ನಾನು ನೆನಪಿಸಬೇಕಿಲ್ಲ. ಸುಳಿ, ನೀರೊಳಗಿನ ಬಂಡೆ, ಮೊಸಳೆ ಬೇರೆ. ಮಳೆ ನಿಂತ ಮೇಲೆ, ನಿಂತ ನೀರಿನಲ್ಲಿ, ಕಲಿಸುವವರು ಜೊತೆಗಿದ್ದು, ಲೈಫ್ ಜಾಕೆಟ್ ತೊಟ್ಟು. ಹರಿಗೋಲು ಹಾಕಿ ಬೆಳೆದವನಿಗೆ ಜಾಕೆಟ್ ಯಾಕೆ ಎನ್ನುವ ಗೆಳೆಯ ಇದ್ದರೆ ಅವನಿಗೂ ಒಂದು ತೊಡಿಸಿ.

ರಿಹರ್ಸಲ್‌ನಲ್ಲಿ ಒಂದು ಪದ್ಧತಿ ಹಾಕಿಕೊಳ್ಳಿ. ಗಂಟೆಗೊಮ್ಮೆ, ನಡೆಯುತ್ತಲೇ, ಒಬ್ಬೊಬ್ಬರೂ ಮೂರು ಸಂಗತಿ ಗಟ್ಟಿಯಾಗಿ ಹೇಳಬೇಕು: ಕಾಲು ಹೇಗಿದೆ, ಹೊಟ್ಟೆಗೆ ಏನು ಬಿತ್ತು, ನಿದ್ದೆ ಎಷ್ಟು ಎಳೆಯುತ್ತಿದೆ. ಹತ್ತಕ್ಕೆ ಎಷ್ಟು ಎಂದು ಅಂಕಿ ಹೇಳಿದರೂ ಸಾಕು. “ಆರಾಮ್ ಅದೀನಿ” ಅನ್ನುವ ಉತ್ತರಕ್ಕೆ ನಮ್ಮ ತಂಡದಲ್ಲಿ ಹತ್ತು ರೂಪಾಯಿ ದಂಡ ಇತ್ತು. ನಾನೇ ಹೆಚ್ಚು ಕಟ್ಟಿದೆ.

ಮುಂದಿನ ವಾರ ಬಿಡುವು ಮಾಡಿಕೊಂಡು ಮೊಣಕಾಲು ತೋರಿಸಲು ಬನ್ನಿ. ಸೈಕಲ್ಲನ್ನೂ ತನ್ನಿ, ಸೀಟಿನ ಎತ್ತರ ಅಳೆಯೋಣ. ಆದರೆ ನಾಲ್ವರೂ ಕೂಡಿ ಬನ್ನಿ. ನಿಮ್ಮ ಕಾಲಿನ ವಿಷಯ ನನ್ನ ಬಾಯಿಂದ ಅವರಿಗೆ ಹೋಗುವುದಿಲ್ಲ, ವೈದ್ಯನಾಗಿ ನಾನದನ್ನು ಹೇಳುವಂತಿಲ್ಲ. ಗಂಗಾವತಿಯಿಂದ ಬಳ್ಳಾರಿಗೆ ಬಸ್ಸಿನಲ್ಲಿ ಬರುವಷ್ಟರಲ್ಲಿ ನೀವೇ ಹೇಳಿಬಿಟ್ಟಿರಬೇಕು.